ಅತ್ತೆಯವರ ಟೊಂಕ, ನನ್ನ ತಪ್ಪು

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತು)

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಓದಿದ್ದು ಎಂ.ಟೆಕ್., ಕೆಲಸ ಹಿಂಜವಡಿಯ ಐಟಿ ಕಂಪನಿಯಲ್ಲಿ. ಹಿರಿಯರ ಬೆನ್ನುನೋವಿನ ಬಗ್ಗೆ ಮಾತಾಡಲು ಒಪ್ಪಿಕೊಂಡದ್ದು, ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ ಎಂಬ ಕಾರಣಕ್ಕೆ.

ನಮ್ಮ ಅತ್ತೆಯವರಿಗೆ 71 ವರ್ಷ. ಮಾವ ತೀರಿಕೊಂಡ ಮೇಲೆ ಧಾರವಾಡದಿಂದ ಪುಣೆಗೆ ನಮ್ಮ ಮನೆಗೆ ಬಂದರು. ಬರುವಾಗಲೇ ಟೊಂಕನೋವು ಇತ್ತು. ಎಂಆರ್‌ಐ ಮಾಡಿಸಿದೆವು. ಡಿಸ್ಕ್ ಸವೆದಿದೆ, ಉಬ್ಬಿದೆ ಅಂತ ರಿಪೋರ್ಟಿನಲ್ಲಿ ಓದಿ ಅವರಿಗಿಂತ ಹೆಚ್ಚು ನಾನೇ ಹೆದರಿದೆ. ಬೆಲ್ಟ್ ತಂದು ಕಟ್ಟಿದೆ. ಬಗ್ಗಬೇಡಿ, ಎತ್ತಬೇಡಿ, ಸುಮ್ಮನೆ ಕೂತಿರಿ ಅಂದೆ. ಅಡುಗೆಗೆ ಒಬ್ಬ ಮಾವಶಿಯನ್ನು ಇಟ್ಟೆ. ಆರು ತಿಂಗಳಲ್ಲಿ ಅತ್ತೆ ಸೋಫಾದಿಂದ ಏಳಲು ಕೈ ಚಾಚುವಂತಾದರು. ಒಂದು ದಿನ ಅಂದರು: “ಟೊಂಕಾ ನೋಯ್ತದ ಖರೆ. ಕೈಗೇನಾಗೇದವಾ? ಇದ್ದ ಕೆಲಸಾನೂ ಯಾಕ ಕಸ್ಕೊಂಡಿ?”

ಅವತ್ತು ರಾತ್ರಿ ಓದಲು ಕೂತೆ. ಡಿಸ್ಕ್ ಸವೆಯುವುದು ಕೂದಲು ನರೆತ ಹಾಗೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ: 80 ವರ್ಷದವರಲ್ಲಿ ಶೇ. 96, ಇಪ್ಪತ್ತರ ಹರೆಯದವರಲ್ಲೂ ಶೇ. 37 ಜನರಿಗೆ ಈ ಸವೆತ ಇತ್ತು! ಮೂರು ತಿಂಗಳು ಮೀರಿದ, ಬೇರೆ ರೋಗದ ಕಾರಣವಿಲ್ಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ ಬೇಕು, ನೋವಿನ ಬಗ್ಗೆ ತಿಳಿವಳಿಕೆ ಬೇಕು ಅನ್ನುತ್ತದೆ. ಬೆಲ್ಟ್, ಟ್ರ್ಯಾಕ್ಷನ್ ಬೇಡ ಅನ್ನುತ್ತದೆ. ಅಲಮಾರಿಯಲ್ಲಿದ್ದ ಬೆಲ್ಟ್ ನೋಡಿ ನನಗೆ ನಾಚಿಕೆಯಾಯಿತು.

ಹಾಗಂತ ಎಲ್ಲ ನೋವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾದವರು ಸ್ವಲ್ಪ ಜಾರಿ ಬಿದ್ದರೂ ಬೆನ್ನುಮೂಳೆ ಮುರಿಯಬಹುದು. ಬಿದ್ದ ಮೇಲೆ ಶುರುವಾದ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಇವಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಕಾಲಿನ ಬಲ ಕುಂದಿದರೆ, ತೊಡೆಸಂದಿನಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ತಕ್ಷಣ ಆಸ್ಪತ್ರೆ. ಈ ಕೊನೆಯದನ್ನು ನಮ್ಮ ತಾಯಂದಿರು ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಕೇಳಬೇಕು. ಮೆಡಿಕಲ್ ಅಂಗಡಿಯಿಂದ ತಾವಾಗಿ ತಂದು ನುಂಗುವ ನೋವಿನ ಮಾತ್ರೆಯ ಬಗ್ಗೆಯೂ ಕೇಳಿ. ಈ ವಯಸ್ಸಿನಲ್ಲಿ ಹೊಟ್ಟೆಗೂ ಕಿಡ್ನಿಗೂ ಅದು ಭಾರ.

ಫಿಜಿಯೋ ಅವರು ಮೊದಲು ಕಲಿಸಿದ್ದು ಇಷ್ಟೇ: ಕೈ ಊರದೆ ಕುರ್ಚಿಯಿಂದ ಐದು ಸಲ ಏಳುವುದು, ಕೂರುವುದು. ಆಮೇಲೆ ಸೊಸೈಟಿಯ ಗೇಟಿನವರೆಗೆ ನಡಿಗೆ. ಕುರ್ಚಿ ಅಂದ ಕೂಡಲೇ ಬಿ.ಕೆ.ಎಸ್. ಅಯ್ಯಂಗಾರ್ ನೆನಪಾಗುತ್ತಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಬಾಲ್ಯದಲ್ಲಿ ತೀರಾ ರೋಗಿಷ್ಠ; ಮೈಸೂರಿನಲ್ಲಿ ಕಲಿತು 1937ರಲ್ಲಿ ಯೋಗ ಹೇಳಿಕೊಡಲು ನಮ್ಮ ಈ ಪುಣೆಗೆ ಬಂದರು. ಮೈ ಬಗ್ಗದವರೂ ಆಸನ ಮಾಡಲೆಂದು ಕುರ್ಚಿ, ಹಗ್ಗ, ದಿಂಬು, ಮರದ ತುಂಡು ಎಲ್ಲವನ್ನೂ ಬಳಸಿದರು. ಅವರ ಪದ್ಧತಿಯನ್ನು ಅಮೆರಿಕದಲ್ಲಿ ಬೆನ್ನುನೋವಿನ 90 ಜನರ ಮೇಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಿತವರ ನೋವು ಕಡಿಮೆಯಾಗಿತ್ತು. ಆದರೆ ವಿಡಿಯೋ ನೋಡಿಕೊಂಡು ಎಪ್ಪತ್ತರಲ್ಲಿ ಶುರು ಮಾಡಬೇಡಿ, ಎದುರಿಗೆ ನಿಂತು ಕಲಿಸುವವರು ಬೇಕು.

ಅತ್ತೆಯವರ ನೋವು ಹೋಯಿತಾ ಅಂತ ಕೇಳುತ್ತೀರಿ. ಇಲ್ಲ. ಕೆಲವು ದಿನ ಬೆಳಗ್ಗೆ ಹಾಸಿಗೆ ಬಿಟ್ಟು ಏಳಲು ಹೊತ್ತು ಹಿಡಿಯುತ್ತದೆ. ಆದರೆ ಈಗ ಕಟ್ಟೆಯ ಮುಂದೆ ನಿಂತು ನಾಲ್ಕು ರೊಟ್ಟಿ ಬಡಿಯುತ್ತಾರೆ, ಸ್ವಲ್ಪ ಓಡಾಡುತ್ತಾರೆ, ಮತ್ತೆ ನಾಲ್ಕು. ಮಾವಶಿಯ ಭಾಕ್ರಿ ಬಹಳ ದಪ್ಪ ಅಂತ ಆಕೆಗೂ ಪಾಠ ನಡೆದಿದೆ.

ನಾನು ಬಹಳ ಹೊತ್ತು ನಿಮ್ಮನ್ನು ಕೂರಿಸಿಬಿಟ್ಟೆ. ಪ್ರಶ್ನೆ ಇದ್ದವರು ದಯವಿಟ್ಟು ಎದ್ದು ನಿಂತೇ ಕೇಳಿ, ಕೈ ಊರದೆ!