ಅಮೆರಿಕದ ದೇಣಿಗೆ: ಮೊದಲು ಪಾಸ್‌ಪೋರ್ಟ್ ಕೇಳಿ

ಊರಲ್ಲಿ ಸಂಘ ನಡೆಸೋರಿಗೆ ಇವತ್ತಿನ ಮಾತು.

ಅಮೆರಿಕದಲ್ಲಿರೋ ನಿಮ್ಮೂರಿನವರು ಶಾಲೆಯ ಗ್ರಂಥಾಲಯಕ್ಕೆ ದುಡ್ಡು ಕಳಿಸ್ತೀನಿ ಅಂದ್ರೆ, ತಕ್ಷಣ ಸಂಘದ ಖಾತೆ ನಂಬರ್ ಕೊಡಬೇಡಿ. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಭಾರತದ್ದೇ ಆಗಿದ್ದು, ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಫೈಲಲ್ಲಿ ಇಟ್ಟುಕೊಳ್ಳಿ.

ಅಲ್ಲಿನ ಪೌರತ್ವ ಪಡೆದಿದ್ದರೆ? ಒಸಿಐ ಕಾರ್ಡ್ ಇದ್ದರೂ, ಜಾತ್ರೆಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ, ಅದು ವಿದೇಶಿ ದೇಣಿಗೆಯೇ. 2010ರ ಎಫ್‌ಸಿಆರ್‌ಎ ಕಾಯ್ದೆಯ ಪ್ರಕಾರ, ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟೋ ಹಾಗಿಲ್ಲ. ತಪ್ಪಿದರೆ ಜೈಲು ಶಿಕ್ಷೆಗೂ ಅವಕಾಶ ಇದೆ. ಮೊಕದ್ದಮೆ ಬೀಳೋದು ಅಧ್ಯಕ್ಷರು, ಕಾರ್ಯದರ್ಶಿ ಅಂತ ಸಹಿ ಹಾಕಿದವರ ಮೇಲೆ.

ನಮ್ಮೂರ ಹುಡುಗನ ಹತ್ರ ಪಾಸ್‌ಪೋರ್ಟ್ ಕೇಳೋದು ಹೇಗೆ ಅಂತ ಸಂಕೋಚ ಬೇಡ. ರಸೀದಿ ಬರೆಯೋಕೆ ಮುಂಚೆ ಕೇಳಿಬಿಡಿ.