ಗುಡಿಸಲು ಕಂಡಿತು, ಹೊರಗಟ್ಟಿದವರು ಕಾಣಲಿಲ್ಲ

(ತಿಪಟೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ತಿಪಟೂರಿನ ಹೆಸರೆತ್ತಿದೊಡನೆ ಪತ್ರಿಕೆಯವರು ಹುಡುಕುವುದು ಮಾರುಕಟ್ಟೆಯ ಕೊಬ್ಬರಿ ರಾಶಿಯ ಚಿತ್ರವನ್ನು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ತೆಂಗಿನ ತೋಟದ ಚಿತ್ರ. ತೋಟಗಳಾಚೆಗಿನ ಗೊಲ್ಲರಹಟ್ಟಿಗಳು ಈ ಚಿತ್ರಗಳೊಳಗೆ ಬರುವುದಿಲ್ಲ. ನಮ್ಮ ಜಿಲ್ಲೆಯ ಕಾಡುಗೊಲ್ಲರ ಹಲವು ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಸೂತಕದ ಹೆಸರಿನಲ್ಲಿ ಹೊರಗಿರಿಸುವ ಪದ್ಧತಿ ಬೆಳೆದು ಬಂದಿದೆ. ಉಂಡೆ ಕೊಬ್ಬರಿಯಾಗಬೇಕಾದ ಕಾಯಿಯನ್ನು ನಾವು ತಿಂಗಳುಗಟ್ಟಲೆ ಅಟ್ಟದ ಮೇಲೆ ಮಳೆ ತಾಗದಂತೆ ಕಾಯುತ್ತೇವೆ. ಹಸುಗೂಸಿನ ತಾಯಿಗೆ ಮಾತ್ರ ಊರಾಚೆಯ ಗುಡಿಸಲು!

2023ರ ಜುಲೈಯಲ್ಲಿ ತುಮಕೂರು ತಾಲೂಕಿನ ಹಟ್ಟಿಯೊಂದರ ಹೊರಗೆ ಇಂತಹ ಗುಡಿಸಲಿನಲ್ಲಿದ್ದ ಶಿಶುವೊಂದು ಅಸ್ವಸ್ಥಗೊಂಡು ಅಸುನೀಗಿತು. ಕ್ಯಾಮರಾಗಳು ಧಾವಿಸಿದವು. ಅಧಿಕಾರಿಗಳೂ ಬಂದರು. ಇಂತಹ ಆಚರಣೆಯನ್ನು ನಿಷೇಧಿಸುವ 2017ರ ಕಾನೂನು ನಮ್ಮ ರಾಜ್ಯದಲ್ಲಿದೆ ಎಂಬುದು ಅನೇಕರಿಗೆ ತಿಳಿದದ್ದೇ ಆಗ. ಚಿತ್ರದಿಂದ ಇಷ್ಟು ಉಪಕಾರವಾದುದನ್ನು ಅಲ್ಲಗಳೆಯಲಾಗದು.

ಆದರೆ ಆ ಚಿತ್ರಗಳಲ್ಲಿ ಕಂಡದ್ದಾದರೂ ಏನು? ಗರಿ, ಪ್ಲಾಸ್ಟಿಕ್ ಹಾಳೆ, ಕೆಸರು. ಹೊರಗಟ್ಟಿದ ಮನೆಯಾಗಲಿ, ಕಟ್ಟಳೆ ವಿಧಿಸಿದ ಹಿರಿಯರಾಗಲಿ ಚೌಕಟ್ಟಿನೊಳಗೆ ಬರಲಿಲ್ಲ. ಗುಡಿಸಲೇ ಸಮಸ್ಯೆಯೆಂದು ಕಂಡಾಗ ಪರಿಹಾರವೂ ಕಟ್ಟಡವೇ ಆಗುತ್ತದೆ. ಸರಕಾರವು ಹಟ್ಟಿಗಳಲ್ಲಿ 'ಕೃಷ್ಣ ಕುಟೀರ'ಗಳನ್ನು ಕಟ್ಟಿಸಿದ್ದು ಹೀಗೆಯೇ. ಗರಿಯ ಬದಲಿಗೆ ಸಿಮೆಂಟು ಬಂತು, ಹೆಣ್ಣು ಹೊರಗೇ ಉಳಿದಳು.

ಅಮೇರಿಕದ ಲೂಯಿಸ್ ಹೈನ್ ಎಂಬವರು 1908ರಿಂದ ಅಲ್ಲಿನ ಬಾಲ ಕಾರ್ಮಿಕರ ಚಿತ್ರ ತೆಗೆದರು. ಕಾರ್ಖಾನೆಯವರು ಒಳಬಿಡದಿದ್ದಾಗ ಬೇರೆ ವೇಷದಲ್ಲಿ ಹೋದದ್ದೂ ಉಂಟು. ಮಗುವಿನ ವಯಸ್ಸು, ಕೆಲಸ, ಸ್ಥಳಗಳನ್ನು ಚಿತ್ರದ ಜೊತೆಗೆ ಬರೆದಿಡುತ್ತಿದ್ದರು. ಆ ಬರಹದಿಂದಾಗಿ ನೋಡುಗನು ಮಗುವಿಗೆ ಮರುಗಿ ಸುಮ್ಮನಾಗುವಂತಿರಲಿಲ್ಲ. ದುಡಿಸುವವನು ಯಾರೆಂದು ಕೇಳಲೇಬೇಕಾಗುತ್ತಿತ್ತು.

ಇದನ್ನು ಹೇಳುವಾಗ ಇನ್ನೊಂದು ಸಮುದಾಯದೆಡೆಗೆ ಬೆರಳು ತೋರಿಸುವ ಉದ್ದೇಶ ನನಗಿಲ್ಲ. 2006ರ ಸಾಚಾರ್ ವರದಿಯು ಶಿಕ್ಷಣ, ಉದ್ಯೋಗ, ಬ್ಯಾಂಕ್ ಸಾಲಗಳಲ್ಲಿ ಮುಸ್ಲಿಮರ ಸ್ಥಿತಿಯನ್ನು ದೇಶದ ಮುಂದಿಟ್ಟಿತು. ಆದರೂ ನಮ್ಮ ಕುರಿತ ಯಾವುದೇ ಸುದ್ದಿಗೆ ಜೋಡಿಸುವುದು ಹಿಂದಿನಿಂದ ತೆಗೆದ ಬುರ್ಖಾಗಳ ಸಾಲನ್ನೋ ಟೋಪಿಗಳ ಸಾಲನ್ನೋ. ಮನೆಯೊಳಗೆ ಕುಳಿತು ಬೀಡಿ ಕಟ್ಟುವ ತಾಯಿ ಆ ಸಾಲಿನಲ್ಲಿಲ್ಲ.

ನಾವೂ ಕಡಿಮೆಯವರಲ್ಲ. ರಮಝಾನ್‌ನಲ್ಲಿ ಕಿಟ್ ವಿತರಿಸುವಾಗ ವಿಧವೆಯ ಕೈಯಲ್ಲಿ ಅಕ್ಕಿಯ ಚೀಲವಿಟ್ಟು, ಎಡಬಲಗಳಲ್ಲಿ ನಾಲ್ಕೈದು ಮಂದಿ ನಿಂತು ಚಿತ್ರ ತೆಗೆಸುತ್ತೇವೆ. ಎಡಗೈಗೂ ತಿಳಿಯದಂತೆ ದಾನ ಮಾಡಬೇಕೆಂದು ಕಲಿತವರು ನಾವು! ಆಕೆಯ ಒಪ್ಪಿಗೆ ಕೇಳುವುದಿಲ್ಲ, ಕೇಳಿದರೂ ಚೀಲದ ಮುಂದೆ ನಿಂತವಳು ಬೇಡವೆನ್ನಲಾರಳು. ಆಕೆಯ ಮಕ್ಕಳು ಮರುದಿನ ಅದೇ ಓಣಿಯಲ್ಲಿ ನಡೆದು ಶಾಲೆಗೆ ಹೋಗಬೇಕು. ಅಂತಹ ಚಿತ್ರಗಳು ಇಲ್ಲಿ ಕುಳಿತಿರುವ ನಮ್ಮಲ್ಲಿ ಹಲವರ ಮೊಬೈಲುಗಳಲ್ಲಿ ಈಗಲೂ ಇವೆ.