ಗಾಡಿ ಇಡುವ ಲೆಕ್ಕ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಗಲ್ಲೆಯ ಮೇಲೆ ಕುಳಿತ ನಮಗೆ ಯಾವ ಗಿರಾಕಿ ಎಷ್ಟು ಹೊತ್ತಿಗೆ, ಯಾರೊಡನೆ ಬಂದನೆಂಬುದು ತಿಳಿದಿರುತ್ತದೆ. ಆ ಸುದ್ದಿಯನ್ನು ನಾವು ಮಾರುವುದಿಲ್ಲ. ಅದು ಕಸುಬಿನ ಮರ್ಯಾದೆ.

ಈಗಿನ ಅನೇಕ ಹೊಸ ಕಾರುಗಳಲ್ಲಿ ಸಿಮ್ಮು, ಜಿಪಿಎಸ್ಸು ಇರುತ್ತವೆ. ಎಲ್ಲಿಗೆ ಹೋದಿರಿ, ಎಲ್ಲಿ ಥಟ್ಟನೆ ಬ್ರೇಕು ಒತ್ತಿದಿರಿ ಎಂಬುದೆಲ್ಲ ಕಂಪನಿಗೆ ಮುಟ್ಟಬಲ್ಲದು. 2023ರಲ್ಲಿ ಮೊಜಿಲ್ಲಾ ಸಂಸ್ಥೆಯು 25 ಕಾರು ಬ್ರಾಂಡುಗಳನ್ನು ಪರೀಕ್ಷಿಸಿತು. ಖಾಸಗಿತನದಲ್ಲಿ ಒಂದೂ ತೇರ್ಗಡೆಯಾಗಲಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್, 3 ಸೆಕೆಂಡಿಗೊಮ್ಮೆ ಕೂಡ ಗಾಡಿಯಿರುವ ಸ್ಥಳವನ್ನು ದಾಖಲಿಸಿ, ಚಾಲಕರ ಸರಿಯಾದ ಒಪ್ಪಿಗೆಯಿಲ್ಲದೆ ಮಾಹಿತಿ ಮಾರಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಆರೋಪಿಸಿತು. ವಿಮೆಯ ದರ ಕಟ್ಟುವುದಕ್ಕೂ ಆ ಮಾಹಿತಿ ಬಳಕೆಯಾಯಿತಂತೆ!

ಬಾಡಿಗೆ ಗಾಡಿ ಓಡಿಸುವ ಬಂಧುಗಳಿಗೆ ಇದು ಅನ್ನದ ಪ್ರಶ್ನೆ. ಪ್ರಯಾಣಿಕರ ರಕ್ಷಣೆಗಾಗಿ ಸ್ಥಳ ತಿಳಿಸುವ ಸಾಧನ ಇರಲಿ, ನಾವು ಬೇಡವೆನ್ನುವುದಿಲ್ಲ. ಆದರೆ ರಕ್ಷಣೆಗೆಂದು ಬರೆದಿಟ್ಟ ಲೆಕ್ಕ ವ್ಯಾಪಾರದ ಸರಕಾಗಬಾರದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಕನ್ನಡಿಗರೊಬ್ಬರು ಮುಂದೆ ನಿಂತು ಪಡೆದ ಹಕ್ಕನ್ನು ನಾವು ಮರೆಯಬಾರದು.

ಆದ್ದರಿಂದ ತಿಳಿಯದೆ ‘ಒಪ್ಪಿಗೆ’ ಒತ್ತಬೇಡಿ, ಓದಿಸಿ ಕೇಳಿ. ಗಾಡಿ ಮಾರುವಾಗ ಅದರಲ್ಲಿ ಉಳಿದ ಫೋನಿನ ನಂಬರು, ಮನೆಯ ವಿಳಾಸಗಳನ್ನು ಅಳಿಸಿರಿ. ನಮ್ಮ ಲೆಕ್ಕ ಯಾರ ಕೈಗೆ ಹೋಗುತ್ತದೆಂದು ಬರವಣಿಗೆಯಲ್ಲಿ ಕೇಳಿರಿ. ಮಿಲ್ಲಿನಲ್ಲಿ ಹಾಜರಿ ಪುಸ್ತಕ ತೋರಿಸೆಂದು ಒಬ್ಬನೇ ಕೇಳಿದರೆ ಗದರಿಸುತ್ತಾರೆ, ಸಂಘ ಕೇಳಿದರೆ ತೆರೆಯುತ್ತಾರೆ. ಇಲ್ಲಿಯೂ ಒಟ್ಟಾಗಿ ಕೇಳೋಣ.